ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ಈ ಲೇಖನ ಒಂದು ತಪ್ಪು ಲೆಕ್ಕದ ತಿದ್ದುಪಡಿ. ಲೆಕ್ಕ ಹಾಕಿದ್ದು ನಾವೇ, ಹಾಸ್ಟೆಲ್ಲಿನ ಎರಡನೇ ಮಹಡಿಯಲ್ಲಿ ಕೂತು.

ಹೋದ ಜನವರಿಯ ಒಂದು ಭಾನುವಾರ ಬೆಳಗ್ಗೆ ನಮ್ಮ ಸಂಘದ ಗೆಳೆಯನೊಬ್ಬನಿಗೆ ಊರಿಂದ ಫೋನ್ ಬಂತು. ಅವನ ಅಜ್ಜಿ ಶನಿವಾರ ಬೆಳಗ್ಗೆಯೇ ತೀರಿಕೊಂಡಿದ್ದರು. ಊರು ತಿಪಟೂರು ದಾಟಿ ಅರಸೀಕೆರೆ ಕಡೆಗೆ. ಅಜ್ಜಿ ಎತ್ತಿ ಆಡಿಸಿದ ಮೊದಲ ಮೊಮ್ಮಗ, ಅಂದರೆ ನಮ್ಮ ಗೆಳೆಯನ ಅಣ್ಣ, ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಅವನು ಬರುವವರೆಗೆ ಮಣ್ಣು ಮಾಡಬಾರದು ಅಂತ ಮನೆಯವರು ತೀರ್ಮಾನಿಸಿದ್ದರು. ಅವನಿಂದ ಬಂದಿದ್ದು ಒಂದೇ ಮೆಸೇಜು: "ರಾತ್ರಿ ಎಂಟೂವರೆ ಫ್ಲೈಟ್. ನಾನ್ ಸ್ಟಾಪ್. ಹತ್ತುತ್ತಾ ಇದೀನಿ." ಆಮೇಲೆ ಫೋನ್ ಸ್ವಿಚ್ ಆಫ್.

ದೊಡ್ಡಪ್ಪ ಕೇಳಿದ್ದು ಸರಳ ಪ್ರಶ್ನೆ. "ನೀವೆಲ್ಲ ಎಂಜಿನಿಯರಿಂಗ್ ಓದೋರು. ಹುಡುಗ ಊರು ಮುಟ್ಟೋದು ಎಷ್ಟೊತ್ತಿಗೆ, ಲೆಕ್ಕ ಹಾಕಿ ಹೇಳ್ರಪ್ಪ." ವಿಮಾನಗಳನ್ನು ತೋರಿಸುವ ಆ್ಯಪ್ ತೆಗೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ನಮಗೆ ಹೊಳೆಯಲಿಲ್ಲ. ಲೆಕ್ಕ ಹಾಕಿ ಅಂದರಲ್ಲ, ಕೂತೆವು. ದೂರ 13,990 ಕಿ.ಮೀ., ವೇಗ ಗಂಟೆಗೆ 900, ಭಾಗಿಸಿದರೆ ಹದಿನೈದೂವರೆ ಗಂಟೆ. ಅಲ್ಲಿಯ ಶನಿವಾರ ರಾತ್ರಿ ಎಂಟೂವರೆ ಅಂದರೆ ಇಲ್ಲಿಯ ಭಾನುವಾರ ಬೆಳಗ್ಗೆ ಹತ್ತು. ಹತ್ತಕ್ಕೆ ಹದಿನೈದೂವರೆ ಕೂಡಿಸಿದರೆ ನಡುರಾತ್ರಿ ಒಂದೂವರೆ. ಎರಡೂಕಾಲಿಗೆ ಹೊರಗೆ ಬಂದ, ಕಾರಿನಲ್ಲಿ ನಾಲ್ಕು ನಾಲ್ಕೂಕಾಲು ಗಂಟೆ, ಆರೂವರೆಗೆ ಊರು. ಹಾಗೇ ಹೇಳಿದೆವು. ಅವರು ಸೋಮವಾರ ಬೆಳಗ್ಗೆ ಎಂಟಕ್ಕೆ ಮಣ್ಣು ಅಂತ ನೆಂಟರಿಗೆಲ್ಲ ಹೇಳಿ ಕಳಿಸಿದರು.

ಅವನು ಊರು ಮುಟ್ಟಿದ್ದು ಒಂಬತ್ತೂಕಾಲಿಗೆ. ಅವರ ಬೀದಿಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಎಂಟಕ್ಕೆ ಮುಗಿಯುತ್ತೆ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಮುದುಕರು, ಮಕ್ಕಳು ಹತ್ತೂವರೆವರೆಗೆ ಕೂತಿದ್ದರು. ರಾತ್ರಿ ಒಂದೂವರೆಯಿಂದ ನಾಲ್ಕೂಮುಕ್ಕಾಲರವರೆಗೆ ವಿಮಾನ ನಿಲ್ದಾಣದ ಹೊರಗೆ ನಿಂತಿದ್ದ ಚಿಕ್ಕಪ್ಪ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ "ಇನ್ನೂ ಬಂದಿಲ್ವಲ್ಲೋ" ಅನ್ನುತ್ತಿದ್ದರಂತೆ. ಮನೆಯಲ್ಲಿ ಇನ್ನೊಂದು ಕೇಡು ಆಯಿತೇನೋ ಅಂತ ಹೆಂಗಸರು ಅಳಲು ಶುರು ಮಾಡಿದ್ದರು. ನಾವು ನಾಲ್ಕು ಜನ ಆವತ್ತು ಊರಿಗೆ ಹೋಗಿದ್ದೆವು. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಕೈ ತೊಳೆಯುತ್ತಾ ಕೇಳಿದರು: "ಏನ್ರಪ್ಪಾ, ಲೆಕ್ಕ ತಪ್ಪಿತ್ತಾ, ವಿಮಾನ ತಪ್ಪಿತ್ತಾ?"

ವಿಮಾನ ಸರಿಯಾದ ಹೊತ್ತಿಗೇ ಇಳಿದಿತ್ತು. ಹಾಗಾದರೆ ನಮ್ಮ ಲೆಕ್ಕದಲ್ಲಿ ಎಲ್ಲಿ ತಪ್ಪಿತ್ತು? ಒಂದು ತಿಂಗಳು ಶನಿವಾರದ ಕೂಟಗಳಲ್ಲಿ ಇದನ್ನೇ ಹಿಡಿದು ಕೂತೆವು. ಕ್ಯಾಲ್ಕುಲೇಟರ್ ತಗೊಳ್ಳಿ, ಡಿಗ್ರಿ ಮೋಡ್‌ನಲ್ಲಿ ಇಟ್ಟುಕೊಳ್ಳಿ.

ಮೊದಲು ದೂರ. ಇದರಲ್ಲಿ ನಾವು ತಪ್ಪಿರಲಿಲ್ಲ, ಆದರೂ ಹೇಗೆ ಬಂತು ಅಂತ ನೋಡುವುದು ಒಳ್ಳೆಯದು. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಚೀನಾದ ದಕ್ಷಿಣವನ್ನು ಸವರಿಕೊಂಡು ಇಡೀ ಪೆಸಿಫಿಕ್ ಸಾಗರವನ್ನು ಅಡ್ಡಡ್ಡ ದಾಟುತ್ತದೆ. ಮರ್ಕೇಟರ್ ಭೂಪಟದ ಆ ಗೆರೆಯ ನಿಜವಾದ ಉದ್ದ ಸುಮಾರು 16,100 ಕಿ.ಮೀ. ಈಗ ಒಂದು ಗ್ಲೋಬ್ ತಗೊಂಡು ಎರಡೂ ಊರಿನ ಮೇಲೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಪೆಸಿಫಿಕ್ಕಿನ ನಡುವಲ್ಲಿ ನಿಲ್ಲಿಸಬೇಕೆಂದರೂ ನಿಲ್ಲುವುದಿಲ್ಲ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಮಹಾವೃತ್ತದ ಮೇಲಿರುತ್ತದೆ, ಅಂದರೆ ಗೋಳವನ್ನು ಕೇಂದ್ರದ ಮೂಲಕ ಕೊಯ್ದರೆ ಸಿಗುವ ವೃತ್ತದ ಮೇಲೆ.

ಸೂತ್ರ ಹೀಗಿದೆ. ಅ1, ಅ2 ಎರಡು ಊರುಗಳ ಅಕ್ಷಾಂಶ, ರೇ ಎರಡರ ರೇಖಾಂಶಗಳ ವ್ಯತ್ಯಾಸ:

ಕಾಸ್(ಕೋನ) = ಸೈನ್ ಅ1 × ಸೈನ್ ಅ2 + ಕಾಸ್ ಅ1 × ಕಾಸ್ ಅ2 × ಕಾಸ್ ರೇ

ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ್ದು 37.6 ಉತ್ತರ, 122.4 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು: 200.1. ಇದು 180 ಮೀರಿತು, ಆ ಕಡೆಯಿಂದ ಸುತ್ತುವುದೇ ಹತ್ತಿರ, ಹಾಗಾಗಿ 360ರಿಂದ ಕಳೆದರೆ 159.9. ಬೆಲೆಗಳನ್ನು ಹಾಕಿ:

0.2284 × 0.6101 + 0.9736 × 0.7923 × (−0.9391) = −0.585

ಇದರ ಕಾಸ್ ಇನ್ವರ್ಸ್ 125.8 ಡಿಗ್ರಿ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದರೆ ಒಂದು ಡಿಗ್ರಿಗೆ 111.19 ಕಿ.ಮೀ. ಗುಣಿಸಿದರೆ 13,988. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದ ಹಾಗಿದೆ. ಅದನ್ನೂ ಸೇರಿಸಿಕೊಂಡರೆ ಹತ್ತಾರು ಕಿ.ಮೀ. ಆಚೀಚೆ ಆಗುತ್ತೆ, ನಮ್ಮ ಕೆಲಸಕ್ಕೆ ಪರವಾಗಿಲ್ಲ. ಇಡೀ ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಅದರಲ್ಲಿ ಎಷ್ಟು ದೂರದ ಎರಡು ಜಾಗ ಆರಿಸಿದರೂ 20,000 ಮೀರುವುದಿಲ್ಲ. ಆ ಲೆಕ್ಕದಲ್ಲಿ ಹದಿನಾಲ್ಕು ಸಾವಿರ ಅಂದರೆ ಬಲು ದೂರವೇ.

ಈ ಮಹಾವೃತ್ತ ಎಲ್ಲೆಲ್ಲಿ ಹಾಯುತ್ತೆ ಅಂತ ಲೆಕ್ಕ ಹಾಕಿ ನೋಡಿದಾಗ ನಮಗೇ ಆಶ್ಚರ್ಯವಾಯಿತು. ಬೆಂಗಳೂರಿಂದ ಹೊರಟ ಗೆರೆ ನೇರ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರದಿಂದ ಬರೀ 20 ಡಿಗ್ರಿ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ಪ್ರಯಾಗ್‌ರಾಜ್ ಮತ್ತು ವಾರಾಣಸಿಗಳ ನಡುವೆ ಗಂಗೆ ದಾಟುತ್ತದೆ. ನೇಪಾಳದಲ್ಲಿ ಅನ್ನಪೂರ್ಣ ಶಿಖರಗಳ ಆಸುಪಾಸಿನಲ್ಲಿ ಹಿಮಾಲಯ ಹತ್ತುತ್ತದೆ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಆದ ಮೇಲೆ 71 ಡಿಗ್ರಿ ಉತ್ತರದವರೆಗೆ ಹೋಗಿ ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ, ಅಲ್ಲಿಂದ ಅಲಾಸ್ಕಾ ಮೇಲೆ ಇಳಿಜಾರಾಗಿ ಕ್ಯಾಲಿಫೋರ್ನಿಯಾಕ್ಕೆ. ಅಜ್ಜಿಯ ಮೊಮ್ಮಗ ಊರಿಗೆ ಬರಲು ಅತಿ ಹತ್ತಿರದ ದಾರಿ ಸೈಬೀರಿಯಾ ಮೇಲೆ ಅಂದರೆ ಊರಲ್ಲಿ ಯಾರು ನಂಬುತ್ತಾರೆ?

ವಿಮಾನ ಈ ಗೆರೆಯ ಮೇಲೇ ಬರುತ್ತೆ ಅಂದುಕೊಂಡದ್ದು ನಮ್ಮ ಮೊದಲ ತಪ್ಪು.

ಟಿಬೆಟ್ಟಿನ ತೊಂದರೆ ಎತ್ತರದ್ದು. ವಿಮಾನ ಅದಕ್ಕಿಂತ ಎಷ್ಟೋ ಮೇಲೆ ಹಾರುತ್ತಲ್ಲ ಅಂತ ಕೇಳಬಹುದು. ಹಾರುವವರೆಗೆ ಸರಿ. ಕ್ಯಾಬಿನ್ನಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಬಿದ್ದುಹೋದರೆ ಪ್ರಯಾಣಿಕರ ತಲೆಯ ಮೇಲಿಂದ ಜೋತುಬೀಳುವ ಮಾಸ್ಕ್‌ಗಳಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷದಷ್ಟು ಆಮ್ಲಜನಕ ಇರುತ್ತದೆ. ಅಷ್ಟರೊಳಗೆ ಪೈಲಟ್ ಸುಮಾರು 10,000 ಅಡಿಗೆ, ಅಂದರೆ ಮೂರು ಸಾವಿರ ಮೀಟರ್‌ಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಜಾಗವನ್ನು ಬಳಸಿಕೊಂಡು ಹೋಗುತ್ತವೆ. ಅಲ್ಲಿ ಹಾರಲೇಬೇಕೆಂದರೆ ಹೆಚ್ಚು ಆಮ್ಲಜನಕ ಹೊತ್ತ ವಿಮಾನವೂ, ಆಪತ್ತಿನಲ್ಲಿ ಯಾವ ಕಣಿವೆಯ ಕಡೆ ತಿರುಗಬೇಕು ಎಂಬ ಮುಂಚಿನ ಯೋಜನೆಯೂ ಬೇಕು.

ಎರಡನೆಯದು ಎಂಜಿನ್ನಿನ ಲೆಕ್ಕ. ಇಂದಿನ ದೊಡ್ಡ ವಿಮಾನಗಳಿಗೆ ಎರಡೇ ಎಂಜಿನ್. ಒಂದು ಕೆಟ್ಟರೆ ಇನ್ನೊಂದರಲ್ಲೇ ಹಾರಿಕೊಂಡು ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು ಎನ್ನುವುದು ನಿಯಮ. ಇದಕ್ಕೆ ಇಟಾಪ್ಸ್ ಅನ್ನುತ್ತಾರೆ. ಒಂದು ಕಾಲದಲ್ಲಿ ಇದು 60 ನಿಮಿಷ ಇತ್ತು. ಎಂಜಿನ್‌ಗಳು ನಂಬಿಕಸ್ಥವಾದಂತೆ 180 ನಿಮಿಷ, ಕೆಲವು ವಿಮಾನಗಳಿಗೆ ಅದಕ್ಕೂ ಹೆಚ್ಚು ಆಗಿದೆ. ಹಾಗಾಗಿ ದಾರಿಯ ಯಾವ ಬಿಂದುವಿನಲ್ಲೂ ಹತ್ತಿರದ ನಿಲ್ದಾಣ ಯಾವುದು ಅಂತ ಹೊರಡುವ ಮೊದಲೇ ಬರೆದಿಟ್ಟಿರುತ್ತಾರೆ. ಇದು ಬರೀ ಕಾಗದದ ಶಾಸ್ತ್ರ ಅಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ತೊಂದರೆ ಕಂಡು, ಅದು ರಷ್ಯಾದ ದೂರದ ಪೂರ್ವದ ಮಗಾದಾನ್ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಅಲ್ಲೇ ಉಳಿದು, ಜೂನ್ 8ಕ್ಕೆ ಅಮೆರಿಕ ಮುಟ್ಟಿದರು. ಮಗಾದಾನ್ ಅಂತ ಒಂದು ಊರಿದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ವಿಮಾನದ ದಾರಿ ಬರೆದವರಿಗಂತೂ ಗೊತ್ತಿತ್ತು.

ಮೂರನೆಯದು ರಾಜಕೀಯ. ಆಕಾಶಕ್ಕೂ ಬೇಲಿಗಳಿವೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ಮುಚ್ಚಿತು, ಭಾರತದವುಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶ ಮುಚ್ಚಿತು. ಎರಡು ನಿಲ್ದಾಣಗಳೂ ಇದ್ದಲ್ಲೇ ಇವೆ, ನಡುವಿನ ದಾರಿ ಮಾತ್ರ ಸಾವಿರಾರು ಕಿ.ಮೀ. ಉದ್ದವಾಗಬಹುದು.

ಹಾಗಾದರೆ ಬರುವುದು ಹೇಗೆ? ಒಂದು ದಾರಿ ಉತ್ತರ ಧ್ರುವದ ಮೇಲಿಂದ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಧ್ರುವದ ದಾರಿ ಹಿಡಿದು ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್ವಾಲ್. ಹಾರಾಟ ಹದಿನೇಳು ಗಂಟೆ ಮೀರಿತ್ತು. ಆಗ ನಾವೆಲ್ಲ ಪ್ರೌಢಶಾಲೆಯಲ್ಲಿ ಆನ್‌ಲೈನ್ ಕ್ಲಾಸು ಕೇಳುತ್ತಿದ್ದ ಕಾಲ. ಸುದ್ದಿ ನೋಡಿದ್ದು ನೆನಪಿದೆ, ಗಂಟೆ ಎಷ್ಟಾಯಿತು ಅಂತ ಗಮನಿಸಿರಲಿಲ್ಲ. ಗಮನಿಸಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಧ್ರುವದ ದಾರಿಯ ದೂರ ಲೆಕ್ಕ ಹಾಕಲು ಟ್ರಿಗನಾಮೆಟ್ರಿ ಬೇಡ, ಕೂಡುವುದು ಕಳೆಯುವುದು ಬಂದರೆ ಸಾಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 90 − 37.6 = 52.4 ಡಿಗ್ರಿ. ಧ್ರುವದಿಂದ ಬೆಂಗಳೂರಿಗೆ 90 − 13.2 = 76.8 ಡಿಗ್ರಿ. ಒಟ್ಟು 129.2, ಗುಣಿಸು 111.19, ಅಂದರೆ 14,366 ಕಿ.ಮೀ. ಭೂಮಿಯ ನೆತ್ತಿಯನ್ನೇ ಮುಟ್ಟಿ ಬಂದರೂ ಹೆಚ್ಚಾಗುವುದು 380 ಕಿ.ಮೀ. ಮಾತ್ರ! ನಮ್ಮ ಹುಬ್ಬಳ್ಳಿಯಿಂದ ಬೆಂಗಳೂರಿಗೂ ಅದಕ್ಕಿಂತ ದೂರ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಕ್ಕಗಳಲ್ಲಿ ಇರುವುದರಿಂದ ಹೀಗೆ. ಆದರೆ ಧ್ರುವದಿಂದ ಬೆಂಗಳೂರಿನ ರೇಖಾಂಶ ಹಿಡಿದು ನೇರ ಇಳಿದರೂ ತಿಯೆನ್ ಶಾನ್, ಕಾರಕೋರಂ ಪರ್ವತಗಳು ಎದುರಾಗುತ್ತವೆ. ಮತ್ತೆ ಬಳಸು ದಾರಿ. ಎಲ್ಲ ಸೇರಿ ಮಹಾವೃತ್ತಕ್ಕಿಂತ ಒಂದು ಸಾವಿರ ಕಿ.ಮೀ. ಹೆಚ್ಚು, ಅಂದರೆ 15,000 ಅಂತ ಇಟ್ಟುಕೊಳ್ಳೋಣ.

ಇನ್ನು 900 ಅನ್ನುವ ವೇಗ. ಇದು ಎಲ್ಲಿಂದ ಬಂತು ಅಂತ ನಮ್ಮನ್ನೇ ಕೇಳಿಕೊಂಡಾಗ ಯಾರಿಗೂ ಉತ್ತರ ಇರಲಿಲ್ಲ. ಎಲ್ಲರೂ ಹಾಗೆ ಹೇಳ್ತಾರೆ, ಅಷ್ಟೆ. ಜೆಟ್ ವಿಮಾನಗಳು ದೂರದ ಹಾರಾಟದಲ್ಲಿ ವೇಗವನ್ನು ಶಬ್ದದ ವೇಗದ ಭಾಗವಾಗಿ ಹಿಡಿಯುತ್ತವೆ. ಬೋಯಿಂಗ್ 777ಕ್ಕೆ ಸಾಮಾನ್ಯವಾಗಿ ಮ್ಯಾಕ್ 0.84. ಶಬ್ದದ ವೇಗ ಉಷ್ಣತೆಯ ಮೇಲೆ ನಿಂತಿದೆ. ಹೊರಗೆ −55 ಡಿಗ್ರಿ ಇದ್ದರೆ ಸೆಕೆಂಡಿಗೆ 296 ಮೀಟರ್. ಅದರ 0.84 ಪಾಲು ಅಂದರೆ ಗಂಟೆಗೆ 895 ಕಿ.ಮೀ. ಧ್ರುವದ ಚಳಿಗಾಲದಲ್ಲಿ −65 ಮುಟ್ಟಿದರೆ ಅದೇ ಮ್ಯಾಕ್‌ಗೆ 874 ಮಾತ್ರ. ಚಳಿ ಹತ್ತು ಡಿಗ್ರಿ ಹೆಚ್ಚಿತು ಅನ್ನುವ ಒಂದೇ ಕಾರಣಕ್ಕೆ ಗಂಟೆಗೆ 21 ಕಿ.ಮೀ. ಖೋತಾ. ದಾರಿಯುದ್ದಕ್ಕೂ ಹಾಗೇ ಇದ್ದರೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡ. ಚಳಿಯ ಇನ್ನೊಂದು ಕಾಟ ಇಂಧನದ್ದು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ −40ಕ್ಕೆ ಗಟ್ಟಿಯಾಗಲು ಶುರು. ವೇಗದಿಂದ ರೆಕ್ಕೆ ಸ್ವಲ್ಪ ಬಿಸಿಯಾಗಿಯೇ ಇರುತ್ತೆ, ಆದರೂ ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಮಿತಿಯ ಹತ್ತಿರ ಬಂದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯಬೇಕಾಗುತ್ತದೆ.

ಇದಕ್ಕಿಂತ ದೊಡ್ಡದು ಗಾಳಿ. 895 ಅನ್ನುವುದು ಗಾಳಿಯ ಒಳಗೆ ವಿಮಾನದ ವೇಗ, ನೆಲದ ಮೇಲಿನದ್ದಲ್ಲ. ಸಿಇಟಿಗೆ ಓದುವಾಗ ದೋಣಿ ಮತ್ತು ನದಿಯ ಲೆಕ್ಕ ಮಾಡಿದ್ದೆವಲ್ಲ, ಅದೇ. ಇಲ್ಲಿ ನದಿ ಅಂದರೆ ಜೆಟ್ ಸ್ಟ್ರೀಮ್. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದು ಗಂಟೆಗೆ 200 ಕಿ.ಮೀ. ಸುಲಭವಾಗಿ ದಾಟುತ್ತದೆ, ಒಮ್ಮೊಮ್ಮೆ 300ನ್ನೂ.

ನಮ್ಮಂಥ ಭಾಷೆಯ ಸಂಘದವರು ಇಲ್ಲಿ ಒಂದು ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಈ ಗಾಳಿಯನ್ನು ಅಳೆದು ಬರೆದ ಮೊದಲಿಗರಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೋ ಓಯಿಷಿ ಒಬ್ಬರು. 1920ರ ದಶಕದಲ್ಲಿ ತಾತೆನೋ ಎಂಬಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸರಿದುಹೋಗುವ ವೇಗವನ್ನು ನೋಡಿ ಲೆಕ್ಕ ಹಾಕಿದರು. ಪ್ರಪಂಚಕ್ಕೆಲ್ಲ ತಿಳಿಯಲಿ ಅಂತ ತಮ್ಮ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲ ದೇಶದವರಿಗೂ ಸಮಾನವಾಗಿರಲಿ ಅಂತ ಕಟ್ಟಿದ ಭಾಷೆ ಅದು. ಹೊರಗೆ ಓದಿದವರು ತೀರಾ ಕಡಿಮೆ. 1944ರಲ್ಲಿ ಜಪಾನಿನ ಮೇಲೆ ಬಹಳ ಎತ್ತರದಲ್ಲಿ ಹಾರಿ ಬಂದ ಅಮೆರಿಕದ ಬಿ–29 ಬಾಂಬರ್‌ಗಳ ಪೈಲಟ್‌ಗಳು ಇದೇ ಗಾಳಿಗೆ ಸಿಕ್ಕಿ ತಬ್ಬಿಬ್ಬಾದರು. ನಮ್ಮ ಕೂಟದಲ್ಲಿ ಇದರ ಮೇಲೆ ಅರ್ಧ ಗಂಟೆ ಜಗಳ ಆಯ್ತು: ಓಯಿಷಿ ಜಪಾನೀ ಭಾಷೆಯಲ್ಲೇ ಬರೆದಿದ್ದರೆ ಹೆಚ್ಚು ಜನ ಓದುತ್ತಿದ್ದರಾ, ಇಂಗ್ಲಿಷಿನಲ್ಲಿ ಬರೆದಿದ್ದರಾ ಅಂತ. ತೀರ್ಮಾನ ಆಗಲಿಲ್ಲ, ಕ್ಯಾಂಟೀನ್ ಮುಚ್ಚುವ ಹೊತ್ತಾಯ್ತು.

ಗಾಳಿಯ ಮಹಿಮೆಗೆ ಒಂದು ನಿಜವಾದ ಉದಾಹರಣೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದರು, 15,300 ಕಿ.ಮೀ. ದಾರಿ 1,400 ಕಿ.ಮೀ. ಹೆಚ್ಚಾಯಿತು. ಸಮಯ? ಹದಿನಾಲ್ಕೂವರೆ ಗಂಟೆ, ಹಿಂದಿಗಿಂತ ಸುಮಾರು ಎರಡು ಗಂಟೆ ಕಡಿಮೆ. ಅಟ್ಲಾಂಟಿಕ್ ಕಡೆ ಹೋದರೆ ಗಾಳಿ ಮುಖಕ್ಕೆ ಹೊಡೆಯುತ್ತೆ, ಪೆಸಿಫಿಕ್ ಕಡೆ ಹೋದರೆ ಬೆನ್ನಿಗೆ. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಅನ್ನುವ ಸೂತ್ರ ಸುಳ್ಳಾಗಲಿಲ್ಲ, ದಾರಿ ಬದಲಾದರೆ ವೇಗವೂ ಬದಲಾಗುತ್ತದೆ ಅನ್ನುವುದನ್ನು ನಾವು ಮರೆತಿರುತ್ತೇವೆ. ಬೆಂಗಳೂರಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವಾಗ ಪೂರ್ವಕ್ಕೆ ತಿರುಗಿ ಜಪಾನಿನ ಕಡೆಯಿಂದ ಈ ನದಿಗೆ ಇಳಿಯುವುದು ಲಾಭ. ಬರುವಾಗ ಅದನ್ನು ತಪ್ಪಿಸಿಕೊಂಡು ಉತ್ತರಕ್ಕೆ ಸರಿದಷ್ಟೂ ಲಾಭ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ.

ಹೋಗುವಾಗ ಗಾಳಿ ಕೊಟ್ಟಿದ್ದು ಬರುವಾಗ ಕಿತ್ತುಕೊಳ್ಳುತ್ತೆ, ಒಟ್ಟು ಲೆಕ್ಕ ಸಮ ಅಂತ ನಮ್ಮಲ್ಲೊಬ್ಬ ವಾದ ಹೂಡಿದ. ಇಲ್ಲ. ದೂರ 14,000, ವೇಗ 900, ಗಾಳಿ 100 ಅಂತ ಹಿಡಿಯಿರಿ. ಹೋಗುವಾಗ 1000ದ ವೇಗದಲ್ಲಿ 14 ಗಂಟೆ. ಬರುವಾಗ 800ರ ವೇಗದಲ್ಲಿ 17.5 ಗಂಟೆ. ಒಟ್ಟು 31.5. ಗಾಳಿಯೇ ಇಲ್ಲದಿದ್ದರೆ 28,000 ಭಾಗಿಸು 900, ಅಂದರೆ 31.1. ಗಾಳಿ ಯಾವಾಗಲೂ ಕೊಟ್ಟಿದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತದೆ, ಯಾಕೆಂದರೆ ಎದುರು ಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ. ಪಕ್ಕದಿಂದ ಬೀಸುವ ಗಾಳಿಯೂ ಸುಮ್ಮನೆ ಬಿಡುವುದಿಲ್ಲ. ಮೂಗನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸಿ ಹಾರಬೇಕು, ಪೈಥಾಗರಸ್ ಹಾಕಿದರೆ 150ರ ಅಡ್ಡ ಗಾಳಿಗೆ 900ರ ವೇಗ 887 ಆಗುತ್ತದೆ.

ಎದುರು ಗಾಳಿ ಅಂದರೆ ಬರೀ ಹೊತ್ತು ಹೆಚ್ಚಾಗುವುದಲ್ಲ, ಇಂಧನವೂ ಹೆಚ್ಚು. ಬೋಯಿಂಗ್ 777–200 ಎಲ್‌ಆರ್ ನೆಲ ಬಿಡುವಾಗ ಗರಿಷ್ಠ ತೂಕ ಸುಮಾರು 347 ಟನ್, ಅದರಲ್ಲಿ 145 ಟನ್‌ವರೆಗೆ ಇಂಧನವೇ. ಆ ಇಂಧನವನ್ನು ಹೊರಲಿಕ್ಕೇ ಇಂಧನ ಬೇಕು. ಅದಕ್ಕೇ ದಾರಿ ಬರೆಯುವವರು ಪ್ರತಿದಿನದ ಗಾಳಿಯ ಮುನ್ಸೂಚನೆ ನೋಡಿ ಪ್ರತಿದಿನ ಹೊಸ ದಾರಿ ಬರೆಯುತ್ತಾರೆ. ನಿನ್ನೆ ಬಂದ ದಾರಿಯಲ್ಲೇ ಇವತ್ತೂ ಬರುತ್ತೆ ಅನ್ನುವ ಹಾಗಿಲ್ಲ.

ಗಡಿಯಾರದ ವಿಷಯದಲ್ಲಿ ನಾವು ಪುಣ್ಯಕ್ಕೆ ತಪ್ಪಿರಲಿಲ್ಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುವುದರಿಂದ ಹನ್ನೆರಡೂವರೆ. ಇದೇ ಪ್ರಸಂಗ ಜುಲೈನಲ್ಲಿ ನಡೆದಿದ್ದರೆ ಇನ್ನೂ ಒಂದು ಗಂಟೆ ಎಡವುತ್ತಿದ್ದೆವೇನೋ. ಅಂತರರಾಷ್ಟ್ರೀಯ ದಿನರೇಖೆ ದಾಟಿತಾ, ಧ್ರುವದಲ್ಲಿ ಗಂಟೆ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೊರಟ ಹೊತ್ತನ್ನು ಮೊದಲು ನಮ್ಮ ಗಂಟೆಗೆ ತಂದು, ಆಮೇಲೆ ಹಾರಾಟದ ಗಂಟೆ ಕೂಡಿಸಿದರೆ ಗೊಂದಲವೇ ಇಲ್ಲ.

ಇನ್ನುಳಿದಿದ್ದು ನೆಲದ ಮೇಲಿನ ಹೊತ್ತು. ಟಿಕೆಟ್ಟಿನಲ್ಲಿರುವ ಎಂಟೂವರೆ ವಿಮಾನ ಗೇಟಿನಿಂದ ಹಿಂದಕ್ಕೆ ಸರಿಯುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ರನ್‌ವೇವರೆಗೆ ಉರುಳಿ, ಸರದಿಯಲ್ಲಿ ನಿಂತು ಏರಲು ಇಪ್ಪತ್ತು ನಿಮಿಷ. ಇಳಿದ ಮೇಲೆ ಗೇಟಿಗೆ ಬರಲು ಹತ್ತು. ಅಲ್ಲಿಂದ ಇಮಿಗ್ರೇಷನ್ ಸಾಲು, ಲಗೇಜಿನ ಬೆಲ್ಟು. ನಾವು ಇದಕ್ಕೆಲ್ಲ ಸೇರಿ ಮುಕ್ಕಾಲು ಗಂಟೆ ಕೊಟ್ಟಿದ್ದೆವು. ವಿದೇಶದ ವಿಮಾನ ಇಳಿದವರನ್ನು ಕರೆತರಲು ಯಾರೂ ಹೋಗಿರಲಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತೆ.

ಈಗ ಮತ್ತೆ ಲೆಕ್ಕ. ದಾರಿ 15,000 ಕಿ.ಮೀ., ಚಳಿ ಮತ್ತು ಗಾಳಿ ಕಳೆದು ನೆಲದ ಮೇಲಿನ ಸರಾಸರಿ ವೇಗ 870. ಹಾರಾಟ 17 ಗಂಟೆ 15 ನಿಮಿಷ. ನೆಲದ ಮೇಲೆ ಎರಡೂ ಕಡೆ ಸೇರಿ 30 ನಿಮಿಷ. ಬೆಳಗ್ಗೆ ಹತ್ತಕ್ಕೆ 17.45 ಕೂಡಿಸಿದರೆ ಬೆಳಗಿನ ಜಾವ 3.45. ಇಮಿಗ್ರೇಷನ್, ಲಗೇಜಿಗೆ ಒಂದು ಗಂಟೆ, 4.45ಕ್ಕೆ ಹೊರಗೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ತಿಪಟೂರು ದಾಟಲು ನಾಲ್ಕೂಕಾಲು ಗಂಟೆ. ಊರು ಒಂಬತ್ತಕ್ಕೆ. ಅವನು ಮುಟ್ಟಿದ್ದು ಒಂಬತ್ತೂಕಾಲು. ಉಳಿದ ಕಾಲು ಗಂಟೆ ತುಮಕೂರಿನ ಹತ್ತಿರ ಕಾಫಿಗೆ ನಿಲ್ಲಿಸಿದ್ದರಂತೆ. ಉತ್ತರ ಗೊತ್ತಿದ್ದ ಮೇಲೆ ಹಾಕಿದ ಲೆಕ್ಕ ಇದು, ಹೌದು. 15,000 ಮತ್ತು 870 ನಾವೇ ಹಿಡಿದ ಅಂದಾಜುಗಳು. ಆದರೂ ಆವತ್ತು ಹೀಗೆ ಕೂತು ಯೋಚಿಸಿದ್ದರೆ ಒಂದೇ ಅಂಕಿ ಹೇಳುವ ಬದಲು "ಬೆಳಗ್ಗೆ ಎಂಟರಿಂದ ಹತ್ತರೊಳಗೆ" ಅನ್ನುತ್ತಿದ್ದೆವು. ಆ ಮುದುಕರು ಮನೆಯಲ್ಲಿ ಒಂದು ಲೋಟ ಏನಾದರೂ ಕುಡಿದು ಬರುತ್ತಿದ್ದರು.

ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಅಣ್ಣ ವಾಪಸ್ ಹೊರಟಾಗ ದೊಡ್ಡಪ್ಪ ಮತ್ತೆ ನಮ್ಮ ಗೆಳೆಯನಿಗೇ ಫೋನ್ ಮಾಡಿದರು. ಬೆಂಗಳೂರಿಂದ ಮಧ್ಯಾಹ್ನ ಎರಡೂವರೆಗೆ ವಿಮಾನ. ಈ ಸಲ ಬೆನ್ನಿಗೆ ಗಾಳಿ, ಹದಿನೈದೂವರೆಯಿಂದ ಹದಿನಾರೂವರೆ ಗಂಟೆ ಹಿಡಿಯಬಹುದು, ಅಲ್ಲಿಯ ಸಂಜೆ ನಾಲ್ಕೂವರೆಯಿಂದ ಐದೂವರೆಯೊಳಗೆ ಇಳೀತಾನೆ ಅಂತ ಹೇಳಿದೆವು. ಆ್ಯಪ್ಪನ್ನೂ ತೆಗೆದು ನೋಡಿಕೊಂಡಿದ್ದೆವು ಬಿಡಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಯಾವತ್ತಿನ ಸಂಜೆನೋ?"

"ಇವತ್ತಿಂದೇ ದೊಡ್ಡಪ್ಪ."

"ಮಧ್ಯಾಹ್ನ ಹೊರಟು ಅದೇ ಸಂಜೆಗೆ ಅಮೆರಿಕಾನಾ? ಇನ್ನೊಂದ್ಸಲ ಲೆಕ್ಕ ಹಾಕ್ರೋ."